ಆರು ಡಾಲರಿನ ಸರ್ವರ್, ಅದರ ಸುತ್ತಲಿನ ಜನ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಡಿಜಿಟಲ್‌ಓಶನ್ ಅನ್ನುವ ಹೋಸ್ಟಿಂಗ್ ಕಂಪನಿಯ ಬೆಂಗಳೂರು ಡೇಟಾ ಸೆಂಟರಿನಲ್ಲಿ ಸಿಗುವ, ತಿಂಗಳಿಗೆ 6 ಡಾಲರಿನ ಡ್ರಾಪ್ಲೆಟ್ ಚಿಕ್ಕಪುಟ್ಟ ಕನ್ನಡ ವೆಬ್‌ಸೈಟುಗಳಿಗೆ ಸಾಕು. ಡ್ರಾಪ್ಲೆಟ್ ಅಂದರೆ ಅವರ ಬಾಡಿಗೆ ಸರ್ವರ್. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ನಾಲ್ಕರಲ್ಲಿ ಎರಡು ಮಾತ್ರ ಸರ್ವರಿಗೆ. ಉಳಿದೆರಡು, ಆ ಕಂಪನಿ ಡೆವಲಪರುಗಳ ಜೊತೆ ವರ್ಷಗಟ್ಟಲೆ ಇಟ್ಟುಕೊಂಡು ಬಂದ ಒಡನಾಟಕ್ಕೆ. ಹೋಸ್ಟಿಂಗ್ ವಿಮರ್ಶೆ ಬರೆಯುವವರು ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ಕೂಪನ್ ಕೋಡ್ ಏನು ಅಂತ ಬರೆದು ಮುಗಿಸುತ್ತಾರೆ. ನನಗೆ ಈ ಉಳಿದೆರಡು ಅಂಕದ ಬಗ್ಗೆಯೇ ಜಾಸ್ತಿ ಹೇಳೋದಿದೆ.

ನಾನು ಯಾರು ಅಂತ ಹೇಳಬೇಕಲ್ಲ. ಹನುಮಂತನಗರದಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ಕೋಣೆ, ಎರಡು ಕಂಪ್ಯೂಟರ್, ಕರೆಂಟ್ ಹೋದರೆ ಕೂಗಿಕೊಳ್ಳುವ ಒಂದು ಯುಪಿಎಸ್. ಚಾಮರಾಜಪೇಟೆಯ ಒಬ್ಬ ಪುಸ್ತಕ ಪ್ರಕಾಶಕರು, ಒಂದು ಹವ್ಯಾಸಿ ನಾಟಕ ತಂಡ, ಚಿಕ್ಕಪೇಟೆಯ ಸೀರೆ ಅಂಗಡಿ, ಬಸವನಗುಡಿಯ ಕುರುಕುತಿಂಡಿ ಅಂಗಡಿ, ಇಂಥವರಿಗೆ ವೆಬ್‌ಸೈಟ್ ಕಟ್ಟಿಕೊಟ್ಟು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಸರ್ವರ್ ಎಲ್ಲಿದೆ, ಹೇಗಿದೆ ಅನ್ನೋದು ಇವರಿಗೆ ಬೇಕಿಲ್ಲ. ಸೈಟ್ ತೆರೆಯಬೇಕು, ಅಷ್ಟೇ. ತೆರೆಯದಿದ್ದರೆ ಫೋನ್ ಬರೋದು ನನಗೆ.

ಮೊದಲು ಇವರೆಲ್ಲರ ಸೈಟುಗಳು ಒಂದು ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿದ್ದವು, ಅಂದರೆ ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಕಡೆ. ಆ ಕಂಪನಿಯ ಹೆಸರು ಬೇಡ. ಮೊದಲ ವರ್ಷ ನಂಬೋಕಾಗದಷ್ಟು ಕಡಿಮೆ ದರ, ರಿನ್ಯೂವಲ್ ಹೊತ್ತಿಗೆ ಅದರ ಕೆಲವು ಪಟ್ಟು. ಅದೂ ಹೋಗಲಿ, ಎಲ್ಲರೂ ಮಾಡುವುದೇ. ಒಂದು ಸಲ ಅವರು ರಾತ್ರೋರಾತ್ರಿ ಎಲ್ಲರ ಡೇಟಾಬೇಸುಗಳನ್ನು ಹಳೆ ಸರ್ವರಿನಿಂದ ಹೊಸದಕ್ಕೆ ಸಾಗಿಸಿದರು. ಬೆಳಗ್ಗೆ ಪ್ರಕಾಶಕರ ಫೋನು.

"ಏನಮ್ಮಾ ಇದು, ನಮ್ಮ ಪುಸ್ತಕಗಳ ಹೆಸರೆಲ್ಲ ಎಲ್ಲಿ ಹೋದವು? ಯಾವುದೋ ಫ್ರೆಂಚ್ ಥರ ಕಾಣ್ತಿದೆಯಲ್ಲ!"

ನೋಡಿದರೆ ನಿಜ. ಒಂದೊಂದು ಕನ್ನಡ ಅಕ್ಷರದ ಜಾಗದಲ್ಲಿ ಮೂರು ಮೂರು ವಿಚಿತ್ರ ಗುರುತು. ಪ್ರತಿ ಮೂರರ ಮೊದಲನೆಯದು ತಲೆ ಮೇಲೆ ಗೀಟು ಹಾಕಿದ ರೋಮನ್ 'ಎ'. ಕನ್ನಡದಲ್ಲಿ ಸೈಟ್ ನಡೆಸುವವರು ಇದನ್ನು ಒಂದಲ್ಲ ಒಂದು ದಿನ ನೋಡೇ ನೋಡುತ್ತಾರೆ, ಹಾಗಾಗಿ ಕಾರಣ ಹೇಳಿಬಿಡುತ್ತೇನೆ. ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಯೂ ಯುಟಿಎಫ್-8 ಅನ್ನುವ ಸಂಕೇತ ಪದ್ಧತಿಯಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಡೇಟಾಬೇಸ್ ನಡೆಸುವ ತಂತ್ರಾಂಶ ಮೈಎಸ್‌ಕ್ಯುಎಲ್‌ನ ಹಳೆಯ ಆವೃತ್ತಿಗಳಲ್ಲಿ ನಾವು ಬೇರೆ ಏನೂ ಹೇಳದಿದ್ದರೆ ಟೇಬಲ್ಲಿಗೆ ಲ್ಯಾಟಿನ್1 (ಯುರೋಪಿನ ಅಕ್ಷರಗಳ ಪದ್ಧತಿ) ಅನ್ನೋ ಹಣೆಪಟ್ಟಿ ಬೀಳುತ್ತಿತ್ತು. ಒಳಗಿದ್ದದ್ದು ಕನ್ನಡದ ಬೈಟುಗಳು. ಹಾಕುವವರೂ ತೆಗೆಯುವವರೂ ಅದೇ ಹಣೆಪಟ್ಟಿ ನಂಬಿಕೊಂಡಿದ್ದರಿಂದ ವರ್ಷಾನುಗಟ್ಟಲೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. 2018ರಲ್ಲಿ ಬಂದ ಮೈಎಸ್‌ಕ್ಯುಎಲ್ 8.0ರಿಂದ ಯುಟಿಎಫ್8ಎಂಬಿ4, ಅಂದರೆ ಅದರ ಯುಟಿಎಫ್-8, ಅನ್ನುವುದೇ ಮಾಮೂಲಿ ಆಯಿತು. ಹೊಸ ಸರ್ವರ್ ಹಳೆ ಹಣೆಪಟ್ಟಿ ನೋಡಿ, ಓಹೋ ಇದು ಲ್ಯಾಟಿನ್ನು ಅಂದುಕೊಂಡು, ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಮಾಡಿ ಕೊಟ್ಟಿತು. ಡೇಟಾ ಹಾಳಾಗಿರಲಿಲ್ಲ. ಓದುವ ರೀತಿ ತಪ್ಪಾಗಿತ್ತು.

ಹೋಸ್ಟಿಂಗ್ ಕಂಪನಿಯ ಚಾಟ್ ಕಿಟಕಿ ತೆರೆದೆ. "ಕ್ಯಾಶೆ ಕ್ಲಿಯರ್ ಮಾಡಿ ಮ್ಯಾಮ್." ಮಾಡಿದೆ ಅಂದೆ. "ಬೇರೆ ಬ್ರೌಸರ್‌ನಲ್ಲಿ ನೋಡಿ ಮ್ಯಾಮ್." ನೋಡಿದೆ ಅಂದೆ. "ನಿಮ್ಮ ಕಂಪ್ಯೂಟರಿನಲ್ಲಿ ಪ್ರಾದೇಶಿಕ ಭಾಷೆಯ ಫಾಂಟ್ ಇದೆಯಾ ಮ್ಯಾಮ್?" ಆಮೇಲೆ ದೊಡ್ಡ ಪ್ಲಾನಿಗೆ ಬದಲಾದರೆ ಶೇಕಡಾ ಇಷ್ಟು ರಿಯಾಯಿತಿ ಅಂತ ಒಂದು ಲಿಂಕ್ ಬಂತು. ಆ ಹುಡುಗನನ್ನು ಬಯ್ಯೋಕೆ ಮನಸ್ಸು ಬರಲಿಲ್ಲ. ಅವನ ಮುಂದೆ ಇಟ್ಟಿದ್ದ ಪ್ರಶ್ನೋತ್ತರದ ಹಾಳೆಯಲ್ಲಿ ಇದಿರಲಿಲ್ಲ, ಅಷ್ಟೇ. ಹಾಳೆಯಲ್ಲಿ ಇಲ್ಲದ್ದನ್ನು ಕೇಳೋಕೆ ಅವನಿಗೂ ಯಾರೂ ಇದ್ದ ಹಾಗೆ ಕಾಣಲಿಲ್ಲ.

ಸರಿಪಡಿಸಿದ್ದು ಪೈಥಾನ್ ಡೆವಲಪರುಗಳ ಸಭೆಯೊಂದರಲ್ಲಿ ಪರಿಚಯವಾದ ಹುಡುಗ. ಫೋನಿನಲ್ಲೇ ಹೇಳಿದ: "ಅಕ್ಕಾ, ನೇರವಾಗಿ ಯುಟಿಎಫ್‌ಗೆ ಬದಲಾಯಿಸಬೇಡಿ, ಇನ್ನೂ ಕೆಡುತ್ತೆ. ಮೊದಲು ಕಾಲಮ್ ಅನ್ನು ಬ್ಲಾಬ್ ಮಾಡಿ. ಆಮೇಲೆ ಬ್ಲಾಬಿನಿಂದ ಯುಟಿಎಫ್8ಎಂಬಿ4 ಟೆಕ್ಸ್ಟ್ ಮಾಡಿ. ಅದಕ್ಕೂ ಮುಂಚೆ ಡಂಪ್ ತೆಗೆದಿಟ್ಟುಕೊಳ್ಳಿ." ಡಂಪ್ ಅಂದರೆ ಡೇಟಾಬೇಸಿನ ಪೂರ್ತಿ ಪ್ರತಿ, ಬ್ಲಾಬ್ ಅಂದರೆ ಬರೀ ಬೈಟುಗಳ ಮೂಟೆ. ಬ್ಲಾಬ್ ಮಾಡಿದರೆ ಹಣೆಪಟ್ಟಿ ಕಳಚುತ್ತದೆ, ಬೈಟುಗಳು ಇದ್ದ ಹಾಗೇ ಇರುತ್ತವೆ. ಮಧ್ಯಾಹ್ನದ ಊಟದ ಹೊತ್ತಿಗೆ ಕನ್ನಡ ವಾಪಸ್ ಬಂತು. ಪ್ರಕಾಶಕರು ಹೊಸ ಕಾದಂಬರಿಯ ಒಂದು ಪ್ರತಿ ಕಳಿಸಿಕೊಟ್ಟರು. ಅದು ನಿಜವಾಗಿ ಆ ಹುಡುಗನಿಗೆ ಸೇರಬೇಕಾದದ್ದು.

ಗಾಡಿ ಕೊಳ್ಳುವಾಗ ನಾವು ಮೈಲೇಜ್ ಒಂದೇ ನೋಡಲ್ಲ, ಅಲ್ವಾ? ಸ್ಪೇರ್ ಪಾರ್ಟ್ ಸಿಗುತ್ತಾ, ನಮ್ಮ ಏರಿಯಾದಲ್ಲಿ ಅದನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಇದ್ದಾನಾ ಅಂತಲೂ ಕೇಳುತ್ತೇವೆ. ಹೋಸ್ಟಿಂಗ್ ಬದಲಾಯಿಸುವಾಗ ನಾನು ಅದನ್ನೇ ಕೇಳಿದೆ. ಯಾವುದರ ಬಗ್ಗೆ ಜಾಸ್ತಿ ಜನಕ್ಕೆ ಗೊತ್ತು? ಕೆಟ್ಟರೆ ಯಾರು ಹೇಳಿಕೊಡುತ್ತಾರೆ?

ಈಗ ಸರ್ವರಿನ ವಿಚಾರ ಬೇಗ ಮುಗಿಸುತ್ತೇನೆ. ಡಿಜಿಟಲ್‌ಓಶನ್ ನ್ಯೂಯಾರ್ಕಿನಲ್ಲಿ ಹುಟ್ಟಿದ ಕಂಪನಿ. ಬೆಂಗಳೂರಿನ ಡೇಟಾ ಸೆಂಟರ್ ಶುರುವಾದದ್ದು 2016ರಲ್ಲಿ. ಸರ್ವರ್ ಮಾಡುವಾಗ ಪಟ್ಟಿಯಲ್ಲಿ ಬಿಎಲ್‌ಆರ್1 ಅಂತ ಕಾಣುತ್ತದೆ. 6 ಡಾಲರಿಗೆ 1 ಜಿಬಿ ರ‍್ಯಾಮ್, 25 ಜಿಬಿ ಎಸ್‌ಎಸ್‌ಡಿ, ತಿಂಗಳಿಗೆ 1 ಟಿಬಿ ಡೇಟಾ ಓಡಾಟ. 2022ಕ್ಕೆ ಮುಂಚೆ ಇದೇ 5 ಡಾಲರಿಗೆ ಸಿಗುತ್ತಿತ್ತು. ಜಿಎಸ್‌ಟಿ ನಂಬರ್ ಇಲ್ಲದವರಿಗೆ ಮೇಲೆ ಶೇಕಡಾ 18 ತೆರಿಗೆ ಬೀಳುತ್ತದೆ, ಒಟ್ಟು 600 ರೂಪಾಯಿ ಚಿಲ್ಲರೆ. ಊರಲ್ಲೇ ಇರುವುದರಿಂದ ಪುಟಗಳು ಬೇಗ ತೆರೆಯುತ್ತವೆ. ನಾಟಕ ತಂಡ ಟಿಕೆಟ್ ಬಿಟ್ಟ ಸಂಜೆ ಜನ ಒಟ್ಟಿಗೆ ನುಗ್ಗುತ್ತಾರೆ. ಆವತ್ತಿಗೆ ಸರ್ವರ್ ಒಂದು ಸೈಜ್ ದೊಡ್ಡದು ಮಾಡಿಕೊಂಡು ಮಾರನೇ ದಿನ ಇಳಿಸುತ್ತೇನೆ. ಡಿಸ್ಕ್ ಹಿಗ್ಗಿಸಿದರೆ ಮತ್ತೆ ಕುಗ್ಗಿಸೋಕಾಗಲ್ಲ, ರ‍್ಯಾಮ್ ಮತ್ತು ಸಿಪಿಯು ಮಾತ್ರ ಏರಿಸಿ. ಇಷ್ಟು ಬೇರೆ ಹಲವರೂ ಕೊಡುತ್ತಾರೆ. ಇದಕ್ಕೇ ಎರಡು ಅಂಕ ಅಂದದ್ದು.

ಉಳಿದೆರಡಕ್ಕೆ ಬರುತ್ತೇನೆ. ಸರ್ವರುಗಳಲ್ಲಿ ಓಡುವ ಲಿನಕ್ಸ್‌ನ ಒಂದು ಬಗೆ ಉಬುಂಟು. ಅದರಲ್ಲಿ ಏನಾದರೂ ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ಹುಡುಕಿ ನೋಡಿ. ಡಿಜಿಟಲ್‌ಓಶನ್‌ನ ಪಾಠ ಮೇಲಿನ ಸಾಲುಗಳಲ್ಲೇ ಸಿಗುತ್ತದೆ. ನೀವು ಅವರ ಗ್ರಾಹಕರಾಗಿರಬೇಕು ಅಂತೇನಿಲ್ಲ. ಬಹಳಷ್ಟು ಪಾಠಗಳು ಯಾವ ಕಂಪನಿಯ ಉಬುಂಟು ಸರ್ವರಿನಲ್ಲಾದರೂ ನಡೆಯುತ್ತವೆ. ಮೊದಲ ಸಾಲಿನಲ್ಲಿ ಏನು ಮಾಡಲಿದ್ದೇವೆ, ಅದಕ್ಕೆ ಮುಂಚೆ ಏನು ಆಗಿರಬೇಕು, ಆಮೇಲೆ ಒಂದೊಂದೇ ಹೆಜ್ಜೆ, ಪ್ರತಿ ಕಮಾಂಡಿನ ಕೆಳಗೆ ತೆರೆ ಮೇಲೆ ಏನು ಕಾಣಬೇಕು. ಉಬುಂಟುವಿನ ಹೊಸ ಎಲ್‌ಟಿಎಸ್ (ವರ್ಷಗಟ್ಟಲೆ ಬೆಂಬಲವಿರುವ ಆವೃತ್ತಿ) ಬಂದಾಗ ಮುಖ್ಯ ಪಾಠಗಳನ್ನು ಅದಕ್ಕೆ ತಕ್ಕಂತೆ ಮತ್ತೆ ಬರೆಸಿದ್ದಾರೆ. ಹೊರಗಿನವರಿಂದ ಬರೆಸಿ, ಬರೆದವರಿಗೆ ದುಡ್ಡು ಕೊಟ್ಟು, ಜೊತೆಗೆ ಅವರ ಹೆಸರಿನಲ್ಲಿ ಒಂದು ಸೇವಾ ಸಂಸ್ಥೆಗೋ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶ) ನಿಧಿಗೋ ದೇಣಿಗೆ ಕೊಡುವ ಏರ್ಪಾಟನ್ನೂ ಮಾಡಿದ್ದರು. ಸುಮ್ನೆ ಬಂದವರು ಗೀಚಿದ್ದನ್ನು ಹಾಕುತ್ತಿರಲಿಲ್ಲ. ಸಂಪಾದಕರು ಕೂತು ತಿದ್ದಿ, ಪ್ರತಿ ಕಮಾಂಡನ್ನೂ ಓಡಿಸಿ ನೋಡಿ ಆಮೇಲೆ ಹಾಕುತ್ತಿದ್ದರು.

ನನಗೆ ಬಹಳ ಹಿಡಿಸಿದ್ದು ಲೈಸೆನ್ಸ್. ಹೆಚ್ಚಿನ ಪಾಠಗಳು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿವೆ. ಮೂಲದವರ ಹೆಸರು ಹಾಕಬೇಕು, ಮಾರಬಾರದು, ತಿದ್ದಿದ್ದನ್ನು ಅದೇ ಷರತ್ತಿನ ಮೇಲೆ ಹಂಚಬೇಕು. ಅಂದರೆ ಕನ್ನಡಕ್ಕೆ ತಂದು ಹಂಚಬಹುದು. ನನ್ನ ಜೊತೆ ಕೆಲಸ ಮಾಡುವ ಹುಡುಗಿ ರಾಮನಗರದ ಕಡೆಯವಳು, ಡಿಪ್ಲೊಮಾ ಮುಗಿಸಿ ಬಂದವಳು. ಇಂಗ್ಲಿಷ್ ಓದುತ್ತಾಳೆ, ಆದರೆ ಉದ್ದ ಪ್ಯಾರಾ ಕಂಡರೆ ಹೆದರುತ್ತಾಳೆ. ಅವಳಿಗೋಸ್ಕರ ಹೊಸ ಸರ್ವರ್ ಭದ್ರ ಮಾಡುವ ಪಾಠವನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಹೊಸ ಬಳಕೆದಾರ ಮಾಡು, ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಲಾಗಿನ್ ಮುಚ್ಚು, ಫೈರ್‌ವಾಲ್ ಆನ್ ಮಾಡುವ ಮುಂಚೆ ಎಸ್‌ಎಸ್‌ಎಚ್‌ಗೆ, ಅಂದರೆ ನಾವು ದೂರದಿಂದ ಸರ್ವರಿನ ಒಳಗೆ ಹೋಗುವ ಸಂಪರ್ಕಕ್ಕೆ, ದಾರಿ ಬಿಡು. "ಮೇಡಂ, ಫೈರ್‌ವಾಲ್ ಮೊದಲು ಆನ್ ಮಾಡಿದ್ರೆ ಏನಾಗುತ್ತೆ?" ಅಂದಳು. ನಾವೇ ಹೊರಗೆ ಉಳೀತೀವಿ ಅಂದೆ. ನಕ್ಕಳು. ಈಗ ಹೊಸ ಸರ್ವರ್ ಕಟ್ಟುವ ಕೆಲಸ ಪೂರ್ತಿ ಅವಳದೇ. ನಾಳೆ ಅವಳು ಸ್ವಂತ ಕೆಲಸ ಹಿಡಿದರೆ ಯಾವ ಕಂಪನಿಯ ಸರ್ವರ್ ತಗೊಳ್ತಾಳೆ ಹೇಳಿ? ಕೈಗೆ ರೂಢಿಯಾದದ್ದನ್ನೇ. ಕಂಪನಿಗೆ ಇದರಿಂದ ಏನು ಲಾಭ ಅಂತ ಕೇಳುವವರಿಗೆ ನನ್ನ ಉತ್ತರ ಇದು. ಹೋಸ್ಟಿಂಗ್ ಆರಿಸುವವರು ಸೀರೆ ಅಂಗಡಿಯವರಲ್ಲ, ನಾವು. ನಾವೊಬ್ಬರು ಕಡೆ ಬದಲಿಸಿದರೆ ನಮ್ಮ ಹಿಂದಿರುವ ಅಂಗಡಿಗಳೆಲ್ಲ ಬದಲಿಸುತ್ತವೆ. ಜಾಹೀರಾತಿಗೆ ಸುರಿಯುವ ಹಣದಲ್ಲಿ ಕಾಲು ಭಾಗ ಪಾಠ ಬರೆಸೋಕೆ ಹಾಕಿದರೂ ಟಿಕೆಟುಗಳು, ಅಂದರೆ ಸಹಾಯ ಕೇಳಿ ಗಿರಾಕಿಗಳು ಬರೆದು ಕಳಿಸುವ ದೂರುಗಳು, ಕಡಿಮೆಯಾಗುತ್ತವೆ, ಚಾಟ್ ಕಿಟಕಿಯ ಹುಡುಗನಿಗೂ ತೋರಿಸೋಕೆ ಒಂದು ಪುಟ ಸಿಗುತ್ತದೆ.

ಬಳಕೆದಾರರು ಒಬ್ಬರಿಗೊಬ್ಬರು ಗೊತ್ತಿರುವುದರ ಉಪಯೋಗ 2021ರ ಅಕ್ಟೋಬರಿನಲ್ಲೂ ಕಂಡಿತು. ಕಾರ್ಡಿನಿಂದ ಪ್ರತಿ ತಿಂಗಳು ತಾನಾಗಿ ಹೋಗುವ ಹಣಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ವಿದೇಶಿ ಕಂಪನಿಗಳ ಬಿಲ್ಲುಗಳು ಎಷ್ಟೋ ಜನರಿಗೆ ಕಟ್ಟಿಹೋಗಲೇ ಇಲ್ಲ. ಬಿಲ್ ಕಟ್ಟದಿದ್ದರೆ ಸರ್ವರ್ ನಿಲ್ಲುತ್ತದೆ. ಮುಂಗಡ ಹಾಕಿಡಿ, ಈ ಕಾರ್ಡ್ ನಡೆಯುತ್ತೆ, ಅದು ನಡೆಯಲ್ಲ ಅಂತ ನಮಗೆ ಹೇಳಿದ್ದು ಬ್ಯಾಂಕಿನವರಲ್ಲ. ಇದೇ ಸರ್ವರ್ ಬಳಸುವ ಬೇರೆ ಡೆವಲಪರುಗಳು.

ಹಾಗಂತ ಈ ಕಂಪನಿಯನ್ನು ಹೊತ್ತು ಮೆರೆಸಬೇಕಿಲ್ಲ. ಹ್ಯಾಕ್ಟೋಬರ್‌ಫೆಸ್ಟ್ ಗೊತ್ತಲ್ಲ? 2014ರಿಂದ ಪ್ರತಿ ಅಕ್ಟೋಬರಿನಲ್ಲಿ ಅವರು ನಡೆಸುವ ಓಪನ್ ಸೋರ್ಸ್ ಹಬ್ಬ. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ಬೇರೆಯವರ ತಂತ್ರಾಂಶಕ್ಕೆ ನಾವು ಮಾಡಿದ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದ ಮೊದಲ 70,000 ಜನರಿಗೆ ಟೀ ಶರ್ಟ್, ಬೇಡವಾದರೆ ಅವರ ಹೆಸರಲ್ಲಿ ಒಂದು ಗಿಡ ಅಂದರು. ಆಯಿತು, ಜನ ಟೀ ಶರ್ಟಿಗೆ ಮುಗಿಬಿದ್ದರು. ರೀಡ್‌ಮಿ ಕಡತದಲ್ಲಿ ಒಂದು ಪದ ಸೇರಿಸಿ ಕಳಿಸುವುದು, ಒಂದು ಚುಕ್ಕಿ ತೆಗೆದು ಕಳಿಸುವುದು. ನಮ್ಮ ದೇಶದ ಹುಡುಗರ ಪಾಲೂ ಅದರಲ್ಲಿ ಚೆನ್ನಾಗಿಯೇ ಇತ್ತು, ಮುಚ್ಚಿಡೋದೇನು. ಸಂಬಳವಿಲ್ಲದೆ ತಂತ್ರಾಂಶ ನೋಡಿಕೊಳ್ಳುವವರು ರಾತ್ರಿಯಿಡೀ ಕಸ ಗುಡಿಸುತ್ತಾ ಕೂತರು. ಬೈಗುಳ ಜೋರಾದ ಮೇಲೆ ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು. ನಾವು ಸೇರುತ್ತೇವೆ ಅಂದ ಯೋಜನೆಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಅಂದರು. 2023ರಲ್ಲಿ ಟೀ ಶರ್ಟನ್ನೇ ಬಿಟ್ಟರು. ಉಡುಗೊರೆ ಕೊಟ್ಟು ಗುಂಪು ಸೇರಿಸಬಹುದು, ಆ ಗುಂಪು ಯಾರ ತಲೆ ಮೇಲೆ ಬೀಳುತ್ತೆ ಅಂತಲೂ ಮೊದಲೇ ಯೋಚಿಸಬೇಕಿತ್ತು.

ಇನ್ನೊಂದು ಬೇಜಾರು ಸಿಎಸ್‌ಎಸ್-ಟ್ರಿಕ್ಸ್‌ದು. ಕ್ರಿಸ್ ಕೋಯರ್ 2007ರಲ್ಲಿ ಶುರುಮಾಡಿದ ತಾಣ, ವೆಬ್ ವಿನ್ಯಾಸ ಕಲಿತ ನಮ್ಮ ತಲೆಮಾರಿಗೆ ಪಠ್ಯಪುಸ್ತಕವೇ ಸರಿ. 2022ರ ಮಾರ್ಚಿನಲ್ಲಿ ಡಿಜಿಟಲ್‌ಓಶನ್ ಅದನ್ನು ಕೊಂಡಿತು. ಮಾರನೇ ವರ್ಷ ಅದು ಸದ್ದಿಲ್ಲದೆ ತಣ್ಣಗಾಯಿತು. 2024ರಲ್ಲಿ ಮತ್ತೆ ಜೀವ ಬಂತು, ಸಂತೋಷ. ಆದರೆ ಕಂಪನಿಯ ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳೋದು ಇಂಥ ಕೆಲಸಕ್ಕೇ ಅನ್ನೋದು ಕಂಡುಹೋಯಿತು. ಒಂದು ಅಂಕ ಕಡಿದದ್ದು ಮುಖ್ಯವಾಗಿ ಇವೆರಡಕ್ಕೆ. ಅವರ ಪಾಠಗಳಲ್ಲಿ ಕನ್ನಡದ್ದು ನನಗೆ ಒಂದೂ ಸಿಕ್ಕಿಲ್ಲ ಅನ್ನುವುದನ್ನೂ ಅದರಲ್ಲೇ ಸೇರಿಸಿಕೊಳ್ಳಿ.

ಬೇರೆಯವರಲ್ಲಿ ಲಿನೋಡ್ ಇದೆ. 2003ರಿಂದ ಇರುವ ಕಂಪನಿ, ಒಳ್ಳೆಯ ಕೈಪಿಡಿಗಳು, ಮುಂಬೈಯಲ್ಲಿ ಡೇಟಾ ಸೆಂಟರ್. 2022ರಲ್ಲಿ ಅಕಮಾಯ್ 90 ಕೋಟಿ ಡಾಲರಿಗೆ ಕೊಂಡುಕೊಂಡಿತು. ಜರ್ಮನಿಯ ಹೆಟ್ಸ್‌ನರ್ ಬಹಳ ಅಗ್ಗ, ಪಾಠ ಬರೆದುಕೊಟ್ಟವರಿಗೆ ತನ್ನ ಬಿಲ್ಲಿನಲ್ಲೇ ಯೂರೊ ಮುರಿದುಕೊಳ್ಳುತ್ತದೆ. ಆದರೆ ಭಾರತದಲ್ಲಿ ಅವರ ಡೇಟಾ ಸೆಂಟರ್ ಇಲ್ಲ, ನನ್ನ ಗಿರಾಕಿಗಳಿಗೆ ದೂರವಾಯಿತು.

ನಿಜವಾದ ಪ್ರಶ್ನೆ ಇನ್ನೂ ಒಳಗಿದೆ. ಹೋಸ್ಟಿಂಗ್ ಕಂಪನಿಗಳು ಮಾರುವುದಾದರೂ ಏನನ್ನು? ಲಿನಕ್ಸ್, ಪಿಎಚ್‌ಪಿ, ಮೈಎಸ್‌ಕ್ಯುಎಲ್, ವರ್ಡ್‌ಪ್ರೆಸ್. ಒಂದೂ ಅವರು ಮಾಡಿದ್ದಲ್ಲ. 2021ರಲ್ಲಿ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಬಹಳ ಕೆಲಸ ಮಾಡುತ್ತಿದ್ದ ನಿಕಿತಾ ಪೊಪೊವ್ ಬೇರೆ ಕೆಲಸಕ್ಕೆ ಹೊರಟಾಗ, ಇಡೀ ಭಾಷೆ ಬೆರಳೆಣಿಕೆಯ ಜನರ ಮೇಲೆ ನಿಂತಿದೆ ಅಂತ ಎಲ್ಲರಿಗೂ ದಿಗಿಲಾಯಿತು. ಆಗ ಪಿಎಚ್‌ಪಿ ಫೌಂಡೇಶನ್ ಹುಟ್ಟಿತು. ಜೆಟ್‌ಬ್ರೈನ್ಸ್, ಆಟೊಮ್ಯಾಟಿಕ್, ಲಾರವೆಲ್, ಸಿಂಫನಿಯಂಥವರು ಸೇರಿ ಹಣ ಹಾಕಿದರು. ಪಿಎಚ್‌ಪಿಯಿಂದ ಅನ್ನ ತಿನ್ನುವ ಶೇರ್ಡ್ ಹೋಸ್ಟಿಂಗ್ ಕಂಪನಿಗಳು ಆ ಸಾಲಿನ ಮುಂಚೂಣಿಯಲ್ಲಿ ಇರಬೇಕಿತ್ತು ಅಂತ ನನಗನ್ನಿಸುತ್ತದೆ. ಪಿಎಚ್‌ಪಿ 7.4ರ ಆಯಸ್ಸು 2022ರ ನವೆಂಬರ್ 28ಕ್ಕೆ ಮುಗಿಯಿತು, ಅಂದರೆ ಸುರಕ್ಷತೆಯ ತಿದ್ದುಪಡಿಗಳು ನಿಂತವು. ನಾನು ಬಿಟ್ಟುಬಂದ ಕಂಪನಿ ಅದಾದ ಮೇಲೂ ಅದನ್ನೇ ನಡೆಸುತ್ತಿತ್ತು, ಗಿರಾಕಿಗಳಿಗೆ ಒಂದು ಸಾಲಿನ ಇಮೇಲ್ ಕೂಡ ಹಾಕಿರಲಿಲ್ಲ.

ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಇದೇ ಮಾತು ಜಗಳವೇ ಆಯಿತು. ಅದರಿಂದ ಲಾಭ ಮಾಡುವವರು ತಮ್ಮ ಸಂಪನ್ಮೂಲದ ಶೇಕಡಾ 5ನ್ನು ಅದಕ್ಕೆ ವಾಪಸ್ ಕೊಡಲಿ ಅಂತ, ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಮ್ಯಾಟ್ ಮುಲ್ಲೆನ್‌ವೆಗ್ 2014ರಲ್ಲೇ ಹೇಳಿದ್ದರು. ಹತ್ತು ವರ್ಷ ಬಿಟ್ಟು, ಡಬ್ಲ್ಯುಪಿ ಎಂಜಿನ್ ಅನ್ನುವ ಹೋಸ್ಟಿಂಗ್ ಕಂಪನಿ ಸಾಕಷ್ಟು ಕೊಡುತ್ತಿಲ್ಲ ಅಂತ ಬಹಿರಂಗವಾಗಿ ಹರಿಹಾಯ್ದು, ಅವರಿಗೆ ವರ್ಡ್‌ಪ್ರೆಸ್ ತಾಣದ ಬಾಗಿಲನ್ನೇ ಮುಚ್ಚಿದರು. ಆ ಹೋಸ್ಟಿಂಗ್ ಬಳಸುತ್ತಿದ್ದ ಬಡಪಾಯಿಗಳಿಗೆ ಪ್ಲಗಿನ್ ಅಪ್‌ಡೇಟ್ ನಿಂತವು. ವಿಷಯ ಕೋರ್ಟಿಗೆ ಹೋಯಿತು. 2024ರ ಡಿಸೆಂಬರಿನಲ್ಲಿ ಕೋರ್ಟು ಬಾಗಿಲು ತೆರೆಸಿತು. ಕೇಳಿದ ರೀತಿ ನನಗೆ ಒಪ್ಪಿಗೆಯಿಲ್ಲ. ಕೇಳಿದ ಪ್ರಶ್ನೆಯನ್ನು ಮಾತ್ರ ತಳ್ಳಿಹಾಕೋಕಾಗಲ್ಲ.

ಬೆಂಗಳೂರಿನಲ್ಲಿ ಕೂತು ಇದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಡೆವಲಪರುಗಳು ಒಟ್ಟು ಸೇರೋದರಲ್ಲಿ ನಮ್ಮ ಊರು ಹಿಂದೆ ಬಿದ್ದದ್ದೇ ಇಲ್ಲ. 2001ರಲ್ಲೇ ಇಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಗಿ, ಆಮೇಲೆ ಫಾಸ್.ಇನ್ ಅಂತ ಹೆಸರಾಯಿತು. ಪೈಥಾನ್ ಡೆವಲಪರುಗಳ ಸಮ್ಮೇಳನ ಪೈಕಾನ್ ಇಂಡಿಯಾ ಮೊದಲ ಸಲ 2009ರಲ್ಲಿ ನಡೆದದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಐಐಎಸ್‌ಸಿ). ಈಗ ಫಾಸ್ ಯುನೈಟೆಡ್ ಅನ್ನುವ ಓಪನ್ ಸೋರ್ಸ್ ಸಂಘಟನೆಯವರು ಸಭೆಗಳನ್ನು ನಡೆಸುತ್ತಾರೆ, ಇಂಡಿಯಾಫಾಸ್ ಸಮ್ಮೇಳನ ಮಾಡುತ್ತಾರೆ. ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನು 2024ರಲ್ಲಿ ಶುರುಮಾಡಿದ್ದು ನಮ್ಮ ಜೆ.ಪಿ. ನಗರದ ಜೆರೋಧಾ. ಅದು ಷೇರು ಬ್ರೋಕರ್ ಕಂಪನಿ ಸ್ವಾಮಿ, ಹೋಸ್ಟಿಂಗ್ ಕಂಪನಿಯಲ್ಲ!

ನಾನು ಹೋದ ಸಭೆಗಳಲ್ಲಿ ನಮ್ಮ ದೇಶದ ಹೋಸ್ಟಿಂಗ್ ಕಂಪನಿಯ ಎಂಜಿನಿಯರ್ ಒಬ್ಬರನ್ನೂ ನಾನು ಭೇಟಿಯಾಗಿಲ್ಲ. ಸೇಲ್ಸಿನವರು ಒಮ್ಮೊಮ್ಮೆ ಸಿಗುತ್ತಾರೆ, ವಿಸಿಟಿಂಗ್ ಕಾರ್ಡ್ ಕೊಟ್ಟು ಕಾಫಿ ಕುಡಿದು ಹೊರಡುತ್ತಾರೆ. ಬೇಕಾಗಿರೋದು ಅಷ್ಟೇನೂ ದುಬಾರಿಯದ್ದಲ್ಲ. ಶನಿವಾರ ಖಾಲಿ ಬಿದ್ದಿರುವ ಆಫೀಸಿನ ಹಾಲ್, ಪ್ರೊಜೆಕ್ಟರ್, ಬಂದವರಿಗೆ ತಿಂಡಿ. ಕಾಲೇಜು ಹುಡುಗರಿಗೆ ಆರು ತಿಂಗಳು ಉಚಿತ ಸರ್ವರ್. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿರುವ, ಏನನ್ನೂ ಮಾರಬೇಕಿಲ್ಲದ ಒಬ್ಬ ಎಂಜಿನಿಯರ್. ನನ್ನ ಲ್ಯಾಟಿನ್1 ಕಥೆಯನ್ನು ಆ ಎಂಜಿನಿಯರ್ ಕೇಳಿಸಿಕೊಂಡಿದ್ದರೆ, ಮುಂದಿನ ಸಲ ಡೇಟಾಬೇಸ್ ಸಾಗಿಸುವಾಗ ಕನ್ನಡ, ತೆಲುಗು, ತಮಿಳು ಸೈಟುಗಳನ್ನು ಮೊದಲು ಪರೀಕ್ಷೆ ಮಾಡುತ್ತಿದ್ದರು. ಚಾಟ್ ಕಿಟಕಿಯಿಂದ ಆ ಸುದ್ದಿ ಮೇಲಕ್ಕೆ ಹೋಗಲೇ ಇಲ್ಲ.

ಡ್ರಾಪ್ಲೆಟ್ ಯಾರಿಗೆ ಬೇಡ ಅಂತಲೂ ಹೇಳಬೇಕು. ಕಮಾಂಡ್ ಟೈಪ್ ಮಾಡೋಕೆ ಮನಸ್ಸಿಲ್ಲ, ಸಹಾಯ ಫೋನಿನಲ್ಲೇ ಬೇಕು ಅನ್ನುವವರಿಗೆ ಇದು ಸರಿಹೋಗಲ್ಲ. ಮಾಮೂಲಿ ಗಿರಾಕಿಗಳಿಗೆ ಇರುವುದು ಟಿಕೆಟ್ ಮಾತ್ರ. ಇಮೇಲ್ ಸರ್ವರ್ ಇದರಲ್ಲಿ ನಡೆಸೋಕೆ ಹೋಗಬೇಡಿ, ಅದಕ್ಕೆ ಬೇರೆ ಸೇವೆ ತಗೊಳ್ಳಿ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಪುಕ್ಕಟೆ ಕೊಡುತ್ತಿದೆ, ಸರ್ಟ್‌ಬಾಟ್ ಅನ್ನುವ ತಂತ್ರಾಂಶ ಹಾಕಿದರೆ ತಾನಾಗಿ ನವೀಕರಣ ಆಗುತ್ತದೆ. 1 ಜಿಬಿ ರ‍್ಯಾಮಿನಲ್ಲಿ ವರ್ಡ್‌ಪ್ರೆಸ್ ಮತ್ತು ಮೈಎಸ್‌ಕ್ಯುಎಲ್ ಒಟ್ಟಿಗೆ ಇಡುವುದಾದರೆ ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಡಿಸ್ಕಿನ ಜಾಗ ಬಳಸುವ ಏರ್ಪಾಟು) ಹಾಕಿಕೊಳ್ಳಿ, ಅದಕ್ಕೂ ಅವರದೇ ಪಾಠ ಇದೆ. ವಾರಕ್ಕೊಮ್ಮೆ ಬ್ಯಾಕಪ್ ಬೇಕೆಂದರೆ ಡ್ರಾಪ್ಲೆಟ್ ಬೆಲೆಯ ಶೇಕಡಾ 20 ಜಾಸ್ತಿ ಆಗುತ್ತದೆ, 6 ಡಾಲರಿನ ಮೇಲೆ 1 ಡಾಲರ್ 20 ಸೆಂಟ್. ಸರ್ವರ್ ಮಾಡುವ ಪುಟದಲ್ಲೇ ಅದರ ಗುಂಡಿ ಇದೆ, ಆಗಲೇ ಒತ್ತಿಬಿಡಿ.